ಸಹಯೋಗಿ ಅಪರಾಧ ಮಾಹಿತಿ ವಿಶ್ಲೇಷಣೆ

ಸಹಯೋಗಿ ಅಪರಾಧ ಮಾಹಿತಿ ವಿಶ್ಲೇಷಣೆ ಎಂದರೆ ಒಂದು ಅಪರಾಧಕ್ಕೆ ಅಥವಾ ಒಂದೇ ಸರಣಿಗೆ ಸೇರಿದ ಹಲವು ಅಪರಾಧಗಳಿಗೆ ಸಂಬಂಧಿಸಿದಂತೆ ವಿವಿಧ ಪೊಲೀಸ್ ಠಾಣೆ, ಜಿಲ್ಲೆ, ರಾಜ್ಯ ಮತ್ತು ಸಂಸ್ಥೆಗಳಲ್ಲಿ ಚದುರಿರುವ ಮಾಹಿತಿಯನ್ನು ಒಂದೆಡೆ ಕಲೆಹಾಕಿ, ಪರಸ್ಪರ ಹೋಲಿಸಿ, ಅವುಗಳ ನಡುವಿನ ಸಂಬಂಧವನ್ನು ಗುರುತಿಸುವ ತನಿಖಾ ವಿಧಾನ. ಹೊಸ ಸಂಗತಿ ದೊರೆತಂತೆ ಹಿಂದಿನ ಊಹೆಯನ್ನು ತಿದ್ದಿಕೊಳ್ಳುವುದು ಅಥವಾ ಕೈಬಿಡುವುದು ಈ ವಿಧಾನದ ಅವಿಭಾಜ್ಯ ಅಂಗವಾಗಿದೆ.

ಅಪರಾಧಿಯು ತಾಲ್ಲೂಕು, ಜಿಲ್ಲೆಗಳ ಗಡಿಯನ್ನು ನೋಡಿ ಸಂಚರಿಸುವುದಿಲ್ಲ. ಆದರೆ ತನಿಖೆ ಮಾತ್ರ ಠಾಣೆಯ ವ್ಯಾಪ್ತಿಗೆ ಅನುಗುಣವಾಗಿ ಹಂಚಿಹೋಗಿರುತ್ತದೆ. ಒಂದು ಠಾಣೆಯಲ್ಲಿ ಕಾಣೆಯಾದವರ ದೂರಾಗಿಯೂ, ಮತ್ತೊಂದು ಠಾಣೆಯಲ್ಲಿ ಗುರುತು ಸಿಗದ ಶವದ ವರದಿಯಾಗಿಯೂ ದಾಖಲಾದ ಸಂಗತಿಗಳು ಒಂದೇ ಘಟನೆಯ ಎರಡು ತುದಿಗಳಾಗಿರಬಹುದು. ಈ ಎರಡು ತುದಿಗಳನ್ನು ಜೋಡಿಸುವುದೇ ವಿಶ್ಲೇಷಣೆಯ ಮುಖ್ಯ ಕಾರ್ಯ. ಕರ್ನಾಟಕದಲ್ಲಿ 2007 ಮತ್ತು 2009ರಲ್ಲಿ ಬೆಳಕಿಗೆ ಬಂದ ಎರಡು ಸಯನೈಡ್ ಕೊಲೆ ಸರಣಿಗಳು ಹಾಗೂ 2017ರ ಗೌರಿ ಲಂಕೇಶ್ ಹತ್ಯೆಯ ತನಿಖೆ ಈ ವಿಷಯದ ಅಧ್ಯಯನಕ್ಕೆ ಪ್ರಮುಖ ಉದಾಹರಣೆಗಳಾಗಿವೆ.

ಪರಿಭಾಷೆ

ಪೊಲೀಸ್ ವ್ಯವಹಾರದಲ್ಲಿ ಮಾಹಿತಿ, ಗುಪ್ತಮಾಹಿತಿ ಮತ್ತು ಸಾಕ್ಷ್ಯ ಎಂಬ ಮೂರು ಪದಗಳಿಗೆ ಬೇರೆ ಬೇರೆ ಅರ್ಥಗಳಿವೆ. ಯಾರೋ ಹೇಳಿದ ಮಾತು, ದೂರವಾಣಿ ಕರೆಯ ವಿವರ, ವಾಹನದ ಸಂಖ್ಯೆ, ವಸತಿಗೃಹದ ನೋಂದಣಿ ಪುಸ್ತಕದ ಸಾಲು ಮೊದಲಾದವು ಮಾಹಿತಿ. ಇಂತಹ ಮಾಹಿತಿಯನ್ನು ಪರಿಶೀಲಿಸಿ, ಅದರ ಮೂಲ ಎಷ್ಟು ನಂಬಲರ್ಹವೆಂದು ತೂಗಿ, ಇತರ ಸಂಗತಿಗಳೊಂದಿಗೆ ಜೋಡಿಸಿದಾಗ ದೊರೆಯುವ ತಿಳಿವಳಿಕೆ ಗುಪ್ತಮಾಹಿತಿ. ನ್ಯಾಯಾಲಯದ ಮುಂದೆ ಕಾನೂನಿನ ಪ್ರಕಾರ ರುಜುವಾತುಪಡಿಸಬಹುದಾದದ್ದು ಮಾತ್ರ ಸಾಕ್ಷ್ಯ. ವಿಶ್ಲೇಷಣೆಯು ತನಿಖೆಗೆ ದಿಕ್ಕು ತೋರಿಸುತ್ತದೆಯೇ ಹೊರತು ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವುದಿಲ್ಲ. ಈ ವ್ಯತ್ಯಾಸವನ್ನು ಮರೆತಲ್ಲಿ ನಿರಪರಾಧಿಗಳು ತೊಂದರೆಗೆ ಒಳಗಾದ ನಿದರ್ಶನಗಳಿವೆ.

ಒಂದೇ ವ್ಯಕ್ತಿ ನಡೆಸಿದ ಹಲವು ಅಪರಾಧಗಳು ಬೇರೆ ಬೇರೆ ವ್ಯಾಪ್ತಿಗಳಲ್ಲಿ ನಡೆದಾಗ ಅವುಗಳ ನಡುವಿನ ಸಂಬಂಧವನ್ನು ಪೊಲೀಸರು ಗುರುತಿಸದೆ ಹೋಗುವುದಕ್ಕೆ ಅಪರಾಧಶಾಸ್ತ್ರದಲ್ಲಿ ಸಂಬಂಧಕುರುಡು ಎಂಬರ್ಥದ ಹೆಸರಿದೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗ್ಗರ್ 1980ರ ದಶಕದಲ್ಲಿ ಸರಣಿ ಕೊಲೆಗಳ ಅಧ್ಯಯನದಲ್ಲಿ ಈ ಪರಿಕಲ್ಪನೆಯನ್ನು ಬಳಕೆಗೆ ತಂದರು.

ಇತಿಹಾಸ

ವಿವಿಧ ಠಾಣೆಗಳ ದಾಖಲೆಗಳನ್ನು ಒಂದೆಡೆ ಹೋಲಿಸಬೇಕೆಂಬ ಆಲೋಚನೆ ಹೊಸತಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಆರಂಭವಾಯಿತು. ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಹೆನ್ರಿ ಮತ್ತು ಅವರೊಂದಿಗೆ ದುಡಿದ ಅಜೀಜುಲ್ ಹಕ್ ಹಾಗೂ ಹೇಮಚಂದ್ರ ಬೋಸ್ ರೂಪಿಸಿದ ವರ್ಗೀಕರಣ ಪದ್ಧತಿಯಿಂದ, ಒಂದು ಊರಿನಲ್ಲಿ ಹೆಸರು ಬದಲಿಸಿಕೊಂಡ ಹಳೆಯ ಅಪರಾಧಿಯನ್ನು ಮತ್ತೊಂದು ಊರಿನ ದಾಖಲೆಯಿಂದ ಗುರುತಿಸುವುದು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪೊಲೀಸ್ ಅಧಿಕಾರಿ ಅಚರ್ಲಿ ಅವರು ಅಪರಾಧಿಗಳನ್ನು ಅವರ ಕಾರ್ಯವಿಧಾನದ ಆಧಾರದ ಮೇಲೆ ವಿಂಗಡಿಸುವ ಪದ್ಧತಿಯನ್ನು ರೂಪಿಸಿದರು. ಭಾರತದ ಠಾಣೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಎಂ.ಒ. ಎಂಬ ಸಂಕ್ಷಿಪ್ತ ಪದ ಈ ಕಾರ್ಯವಿಧಾನವನ್ನೇ ಸೂಚಿಸುತ್ತದೆ.

ಆಧುನಿಕ ವಿಶ್ಲೇಷಣೆಯ ಬೆಳವಣಿಗೆಗೆ ದೊಡ್ಡ ಪಾಠವಾದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಕೊಲೆ ಪ್ರಕರಣ. 1975ರಿಂದ 1980ರ ವರೆಗೆ ಪೀಟರ್ ಸಟ್‌ಕ್ಲಿಫ್ ಎಂಬಾತ 13 ಮಹಿಳೆಯರನ್ನು ಕೊಂದನು. ಈ ಅವಧಿಯಲ್ಲಿ ಪೊಲೀಸರು ಆತನನ್ನು ಒಂಬತ್ತು ಬಾರಿ ವಿಚಾರಿಸಿ ಬಿಟ್ಟುಬಿಟ್ಟಿದ್ದರು. ತನಿಖಾ ಕೇಂದ್ರದಲ್ಲಿ ಅಪಾರ ಸಂಖ್ಯೆಯ ಸೂಚಿ ಕಾರ್ಡುಗಳು ಸಂಗ್ರಹವಾಗಿದ್ದವು. ಆದರೆ ಒಬ್ಬನೇ ವ್ಯಕ್ತಿಯ ಹೆಸರು ಮತ್ತೆ ಮತ್ತೆ ಬಂದಿರುವುದನ್ನು ಕಾಗದದ ರಾಶಿಯಲ್ಲಿ ಹುಡುಕಿ ತೆಗೆಯುವುದು ಸಾಧ್ಯವಾಗಲಿಲ್ಲ. ಇದರ ಜೊತೆಗೆ 1979ರಲ್ಲಿ ಕೊಲೆಗಾರನೆಂದು ಹೇಳಿಕೊಂಡ ವ್ಯಕ್ತಿಯೊಬ್ಬನ ಧ್ವನಿಸುರುಳಿ ಬಂದಿತು. ಅದನ್ನು ನಿಜವೆಂದು ನಂಬಿದ ಅಧಿಕಾರಿಗಳು ಆ ಧ್ವನಿಯ ಪ್ರಾದೇಶಿಕ ಉಚ್ಚಾರಣೆ ಇಲ್ಲದವರನ್ನು ಶಂಕಿತರ ಪಟ್ಟಿಯಿಂದ ಬಿಡತೊಡಗಿದರು. ಧ್ವನಿಸುರುಳಿ ಕುಚೇಷ್ಟೆಯದಾಗಿತ್ತು. 1981ರ ಜನವರಿಯಲ್ಲಿ ಷೆಫೀಲ್ಡ್ ನಗರದ ಗಸ್ತು ಪೊಲೀಸರು ವಾಹನದ ಸುಳ್ಳು ಸಂಖ್ಯಾಫಲಕದ ಕಾರಣದಿಂದ ಸಟ್‌ಕ್ಲಿಫ್‌ನನ್ನು ಹಿಡಿದರು. ಈ ವೈಫಲ್ಯದ ಪರಿಶೀಲನೆಯ ಬಳಿಕ ದೊಡ್ಡ ತನಿಖೆಗಳ ಎಲ್ಲ ಹೇಳಿಕೆ ಮತ್ತು ದಾಖಲೆಗಳನ್ನು ಒಂದೇ ಗಣಕ ವ್ಯವಸ್ಥೆಯಲ್ಲಿ ಸೇರಿಸುವ ಹೋಮ್ಸ್ ಎಂಬ ವ್ಯವಸ್ಥೆ 1980ರ ದಶಕದ ಮಧ್ಯದಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ಅಮೆರಿಕದಲ್ಲಿ 1985ರಲ್ಲಿ ಎಫ್.ಬಿ.ಐ. ಸಂಸ್ಥೆಯು ಹಿಂಸಾತ್ಮಕ ಅಪರಾಧಗಳನ್ನು ರಾಜ್ಯಗಳಾಚೆ ಹೋಲಿಸುವ ವೈಕ್ಯಾಪ್ ಯೋಜನೆಯನ್ನು ಆರಂಭಿಸಿತು.

ವಿಧಾನ

ವಿಶ್ಲೇಷಣೆಯ ಕಾರ್ಯವನ್ನು ಸಾಮಾನ್ಯವಾಗಿ ಐದು ಹಂತಗಳಲ್ಲಿ ವಿವರಿಸಲಾಗುತ್ತದೆ. ಇವು ಒಂದರ ನಂತರ ಒಂದು ಮುಗಿದುಹೋಗುವ ಹಂತಗಳಲ್ಲ. ಹೊಸ ಮಾಹಿತಿ ಬಂದಾಗಲೆಲ್ಲ ಮೊದಲ ಹಂತಕ್ಕೆ ಮರಳಬೇಕಾಗುತ್ತದೆ.

1. ಸಂಗ್ರಹ: ಪ್ರಥಮ ವರ್ತಮಾನ ವರದಿ, ಕಾಣೆಯಾದವರ ದೂರು, ಅಸಹಜ ಸಾವಿನ ವರದಿ, ಸಾಕ್ಷಿಗಳ ಹೇಳಿಕೆ, ದೂರವಾಣಿ ಕರೆಗಳ ವಿವರ, ಬ್ಯಾಂಕ್ ವಹಿವಾಟು, ಸಿ.ಸಿ. ಟಿವಿ ದೃಶ್ಯ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಮೊದಲಾದವುಗಳನ್ನು ಸೇರಿಸುವುದು.

2. ಮೌಲ್ಯಮಾಪನ: ಮಾಹಿತಿ ನೀಡಿದವರ ವಿಶ್ವಾಸಾರ್ಹತೆ ಮತ್ತು ಮಾಹಿತಿಯ ಸತ್ಯಾಂಶ ಇವೆರಡನ್ನೂ ಪ್ರತ್ಯೇಕವಾಗಿ ತೂಗುವುದು. ನಂಬಿಕಸ್ಥ ವ್ಯಕ್ತಿ ಹೇಳಿದ ಮಾತೂ ತಪ್ಪಾಗಿರಬಹುದು. ಸಂಶಯಾಸ್ಪದ ವ್ಯಕ್ತಿ ಹೇಳಿದ ಮಾತು ಸತ್ಯವಾಗಿರಬಹುದು.

3. ಜೋಡಣೆ: ಘಟನೆಗಳನ್ನು ದಿನಾಂಕ ಮತ್ತು ವೇಳೆಯ ಕ್ರಮದಲ್ಲಿ ಬರೆಯುವುದು, ವ್ಯಕ್ತಿ, ದೂರವಾಣಿ, ವಾಹನ, ಸ್ಥಳಗಳ ನಡುವಿನ ಸಂಬಂಧವನ್ನು ಗೆರೆಗಳ ಮೂಲಕ ಚಿತ್ರಿಸುವುದು, ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸುವುದು.

4. ಊಹೆಗಳ ಪರೀಕ್ಷೆ: ಒಂದೇ ಊಹೆಗೆ ಅಂಟಿಕೊಳ್ಳದೆ ಸಾಧ್ಯವಿರುವ ಎಲ್ಲ ವಿವರಣೆಗಳನ್ನೂ ಪಟ್ಟಿಮಾಡಿ, ಪ್ರತಿ ಸಂಗತಿಯೂ ಯಾವ ಊಹೆಗೆ ವಿರುದ್ಧವಾಗಿದೆ ಎಂದು ನೋಡುವುದು.

5. ಹಂಚಿಕೆ ಮತ್ತು ಮರುಪರಿಶೀಲನೆ: ನಿರ್ಣಯವನ್ನು ಸಂಬಂಧಿಸಿದ ತನಿಖಾಧಿಕಾರಿಗಳಿಗೆ ತಿಳಿಸಿ, ಸ್ಥಳದಿಂದ ಬರುವ ಹೊಸ ಸಂಗತಿಗಳ ಬೆಳಕಿನಲ್ಲಿ ಅದನ್ನು ತಿದ್ದುವುದು.

ನಾಲ್ಕನೆಯ ಹಂತಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿದ್ದ ರಿಚರ್ಡ್ಸ್ ಹ್ಯೂಯರ್. ಮನುಷ್ಯನ ಮನಸ್ಸು ತಾನು ಮೊದಲೇ ನಂಬಿದ ಸಂಗತಿಗೆ ಸಮರ್ಥನೆಯನ್ನು ಹುಡುಕುತ್ತದೆ, ವಿರುದ್ಧವಾದದ್ದನ್ನು ಕಡೆಗಣಿಸುತ್ತದೆ ಎಂಬುದು ಅವರ ವಿಚಾರದ ತಿರುಳು. ಒಂದು ಸಂಗತಿ ಎಲ್ಲ ಊಹೆಗಳಿಗೂ ಸಮನಾಗಿ ಹೊಂದಿದರೆ ಅದರಿಂದ ಪ್ರಯೋಜನವಿಲ್ಲ. ಕೆಲವು ಊಹೆಗಳನ್ನು ತಳ್ಳಿಹಾಕಬಲ್ಲ ಸಂಗತಿಯೇ ಬೆಲೆಯುಳ್ಳದ್ದು.

ಸಹಯೋಗವೆಂದರೆ ಕೇವಲ ಕಡತಗಳ ವಿನಿಮಯವಲ್ಲ. ಸ್ಥಳೀಯ ಠಾಣೆಯ ಸಿಬ್ಬಂದಿಗೆ ಊರಿನ ಜನ, ಜಾತ್ರೆ, ಬಸ್ಸಿನ ವೇಳೆ ಮೊದಲಾದವು ತಿಳಿದಿರುತ್ತವೆ. ವಿಧಿವಿಜ್ಞಾನಿಗೆ ವಿಷ, ಗುಂಡು, ರಕ್ತದ ಕಲೆಗಳ ಪರಿಚಯವಿರುತ್ತದೆ. ದತ್ತಾಂಶ ವಿಶ್ಲೇಷಕರಿಗೆ ಸಾವಿರಾರು ಕರೆಗಳಲ್ಲಿ ಪುನರಾವರ್ತನೆಯನ್ನು ಗುರುತಿಸುವುದು ಗೊತ್ತಿರುತ್ತದೆ. ಯಾರೊಬ್ಬರಲ್ಲಿಯೂ ಪೂರ್ಣ ಚಿತ್ರ ಇರುವುದಿಲ್ಲ.

ಕರ್ನಾಟಕದ ಪ್ರಕರಣಗಳು

ಯಡಿಯೂರು ಮತ್ತು ಇತರ ಕ್ಷೇತ್ರಗಳ ಸಯನೈಡ್ ಕೊಲೆಗಳು (1999–2007)

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಯಡಿಯೂರು, ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಪ್ರಸಿದ್ಧ ಯಾತ್ರಾಸ್ಥಳ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿರುವ ಈ ಊರು ಅಮೃತೂರು ಪೊಲೀಸ್ ಠಾಣೆಯ ವ್ಯಾಪ್ತಿಗೆ ಸೇರಿದೆ. ಸಯನೈಡ್ ಮಲ್ಲಿಕಾ ಎಂಬ ಹೆಸರಿನಿಂದ ಕುಖ್ಯಾತಳಾದ ಕೆ.ಡಿ. ಕೆಂಪಮ್ಮ 2007ರಲ್ಲಿ ನಡೆಸಿದ ಕೊಲೆಗಳಲ್ಲಿ ಒಂದು ಯಡಿಯೂರಿನಲ್ಲಿ ನಡೆಯಿತು. ತುಮಕೂರಿನ ಸಿದ್ಧಗಂಗೆ, ಮಂಡ್ಯ ಜಿಲ್ಲೆಯ ಮದ್ದೂರು, ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರಗಳ ಹೆಸರುಗಳೂ ಈ ಸರಣಿಯಲ್ಲಿ ಸೇರಿವೆ.

ಕಾರ್ಯವಿಧಾನ ಎಲ್ಲ ಕಡೆಯೂ ಒಂದೇ ಆಗಿತ್ತು. ದೇವಸ್ಥಾನಗಳಿಗೆ ಬರುವ ದುಃಖಿತ ಮಹಿಳೆಯರೊಡನೆ ಆಕೆ ಸಲುಗೆ ಬೆಳೆಸುತ್ತಿದ್ದಳು. ಸಂಕಷ್ಟ ಪರಿಹಾರಕ್ಕೆ ವಿಶೇಷ ಪೂಜೆಯ ಮಾತಾಡಿ, ಒಡವೆಗಳನ್ನು ಧರಿಸಿ ದೂರದ ಕ್ಷೇತ್ರವೊಂದಕ್ಕೆ ಬರುವಂತೆ ಒಪ್ಪಿಸುತ್ತಿದ್ದಳು. ಅಲ್ಲಿ ತೀರ್ಥದ ಅಥವಾ ಆಹಾರದ ರೂಪದಲ್ಲಿ ಸಯನೈಡ್ ನೀಡಿ ಒಡವೆಗಳೊಂದಿಗೆ ಪರಾರಿಯಾಗುತ್ತಿದ್ದಳು. ಮೊದಲ ಕೊಲೆ 1999ರಲ್ಲಿ ಹೊಸಕೋಟೆಯ ಮಹಿಳೆಯದು. ಎಂಟು ವರ್ಷಗಳ ಅಂತರದ ನಂತರ 2007ರ ಕೊನೆಯ ತಿಂಗಳುಗಳಲ್ಲಿ ಉಳಿದ ಕೊಲೆಗಳು ನಡೆದವು. 2007ರ ಡಿಸೆಂಬರ್ 31ರಂದು ಒಡವೆಗಳನ್ನು ಮಾರುವ ಯತ್ನದಲ್ಲಿದ್ದಾಗ ಆಕೆಯ ಬಂಧನವಾಯಿತು. ಸರಣಿಯ ಪೂರ್ಣ ಚಿತ್ರ ಹೊರಬಂದದ್ದು ಬಂಧನದ ನಂತರದ ವಿಚಾರಣೆಯಲ್ಲಿ. ಆಕೆಗೆ ವಿಧಿಸಲಾದ ಮರಣದಂಡನೆಯನ್ನು ಮುಂದೆ ಜೀವಾವಧಿ ಶಿಕ್ಷೆಗೆ ಇಳಿಸಲಾಯಿತು.

ವಿಶ್ಲೇಷಣೆಯ ದೃಷ್ಟಿಯಿಂದ ಈ ಪ್ರಕರಣದ ಮಹತ್ವ ಅದರ ಭೌಗೋಳಿಕ ಹರಡುವಿಕೆಯಲ್ಲಿದೆ. ಮಹಿಳೆಯ ಮನೆ ಒಂದು ಠಾಣೆಯ ವ್ಯಾಪ್ತಿಯಲ್ಲಿ, ಸಾವು ಮತ್ತೊಂದು ಜಿಲ್ಲೆಯ ಠಾಣೆಯ ವ್ಯಾಪ್ತಿಯಲ್ಲಿ, ಒಡವೆಯ ಮಾರಾಟ ಮೂರನೆಯ ಕಡೆಯಲ್ಲಿ ಇರುತ್ತಿತ್ತು. ಯಾತ್ರಾಸ್ಥಳದಲ್ಲಿ ಪರಊರಿನವರು ಬಂದು ಕೊಠಡಿಯಲ್ಲಿ ತಂಗುವುದು ನಿತ್ಯದ ಸಂಗತಿ. ಹೀಗಾಗಿ ಅಲ್ಲಿನ ಒಂದು ಸಾವನ್ನು ಪ್ರತ್ಯೇಕವಾಗಿ ನೋಡಿದವರಿಗೆ ಅದರ ಹಿಂದಿನ ಸರಣಿ ಕಾಣುವಂತಿರಲಿಲ್ಲ. ಯಡಿಯೂರು, ಸಿದ್ಧಗಂಗೆ, ಮದ್ದೂರುಗಳ ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟಾಗ ಮಾತ್ರ ಒಂಟಿ ಮಹಿಳೆ, ದೇವಸ್ಥಾನ, ವಿಷ, ಕಾಣೆಯಾದ ಒಡವೆ ಎಂಬ ನಾಲ್ಕು ಸಂಗತಿಗಳ ಪುನರಾವರ್ತನೆ ಎದ್ದು ಕಾಣುತ್ತದೆ.

ಕರಾವಳಿಯ ಕಾಣೆಯಾದ ಯುವತಿಯರ ಪ್ರಕರಣ (2003–2009)

ದಕ್ಷಿಣ ಕನ್ನಡ ಜಿಲ್ಲೆಯ ಮೋಹನ್ ಕುಮಾರ್ ಎಂಬ ಮಾಜಿ ಪ್ರಾಥಮಿಕ ಶಾಲಾ ಶಿಕ್ಷಕ 20 ಯುವತಿಯರ ಕೊಲೆಯ ಆರೋಪ ಹೊತ್ತ ಪ್ರಕರಣವು ಸಂಬಂಧಕುರುಡಿಗೆ ಕರ್ನಾಟಕದ ಅತ್ಯಂತ ಕಠೋರ ಉದಾಹರಣೆ. ಮದುವೆಯಾಗುವುದಾಗಿ ನಂಬಿಸಿ, ಯುವತಿಯ ಜಾತಿಗೆ ಹೊಂದುವ ಸುಳ್ಳು ಹೆಸರನ್ನು ಹೇಳಿಕೊಂಡು, ದೂರದ ಊರಿಗೆ ಕರೆದೊಯ್ದು ವಸತಿಗೃಹದಲ್ಲಿ ಆತ ತಂಗುತ್ತಿದ್ದನು. ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಟ್ಟುಬರುವಂತೆ ಮಾಡಿ, ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕವೆಂದು ಹೇಳಿ ಸಯನೈಡ್ ಮಾತ್ರೆಯನ್ನು ಕೊಡುತ್ತಿದ್ದನು. ಯುವತಿಯರು ನಿಲ್ದಾಣದ ಶೌಚಾಲಯದಲ್ಲಿ ಮಾತ್ರೆ ಸೇವಿಸಿ ಅಲ್ಲಿಯೇ ಸಾಯುತ್ತಿದ್ದರು.

ಮೈಸೂರು, ಹಾಸನ, ಮಡಿಕೇರಿ, ಬೆಂಗಳೂರು ಮೊದಲಾದ ನಗರಗಳ ಬಸ್ ನಿಲ್ದಾಣಗಳಲ್ಲಿ ಹೀಗೆ ದೊರೆತ ಶವಗಳು ಆಯಾ ಠಾಣೆಗಳಲ್ಲಿ ಅಸಹಜ ಸಾವುಗಳೆಂದು ದಾಖಲಾದವು. ಯುವತಿಯರ ಊರುಗಳಲ್ಲಿ ಕಾಣೆಯಾದವರ ದೂರುಗಳು ಉಳಿದವು. ಕೆಲವು ಕುಟುಂಬಗಳು ಮಗಳು ಯಾರನ್ನೋ ಮದುವೆಯಾಗಿ ಎಲ್ಲೋ ಸುಖವಾಗಿದ್ದಾಳೆಂದೇ ನಂಬಿದ್ದವು. ಕಾಣೆಯಾದವರ ಪಟ್ಟಿ ಮತ್ತು ಗುರುತು ಸಿಗದ ಶವಗಳ ಪಟ್ಟಿ ಎರಡೂ ಸರಕಾರಿ ಕಡತಗಳಲ್ಲಿಯೇ ಇದ್ದರೂ ಅವು ಒಂದನ್ನೊಂದು ಸಂಧಿಸಲಿಲ್ಲ.

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ 22 ವರ್ಷದ ಯುವತಿಯೊಬ್ಬಳು ಕಾಣೆಯಾದಾಗ ಊರಿನವರು ತೀವ್ರ ಪ್ರತಿಭಟನೆ ನಡೆಸಿದರು. ಆಕೆ ಅನ್ಯಧರ್ಮದವನೊಡನೆ ಓಡಿಹೋಗಿದ್ದಾಳೆಂಬ ಶಂಕೆ ಹಬ್ಬಿ ಕೋಮುಗಲಭೆಯ ಭೀತಿ ಉಂಟಾಯಿತು. ಪೊಲೀಸರು ಆಕೆಯ ದೂರವಾಣಿ ಕರೆಗಳ ಜಾಡು ಹಿಡಿದು ಹೊರಟರು. ಆ ಜಾಡು ಮಡಿಕೇರಿಯ ಒಬ್ಬ ಯುವತಿಯ ದೂರವಾಣಿಗೆ ಒಯ್ದಿತು. ಆಕೆಯೂ ಕಾಣೆಯಾಗಿದ್ದಳು. ಅಲ್ಲಿಂದ ಕಾಸರಗೋಡು ಮತ್ತು ಪುತ್ತೂರಿನ ಯುವತಿಯರ ದೂರವಾಣಿಗಳತ್ತ ಜಾಡು ಸಾಗಿತು. ಅವರೂ ಕಾಣೆಯಾಗಿದ್ದವರೇ. ಒಂದು ಹಂತದಲ್ಲಿ ಇದು ವೇಶ್ಯಾವಾಟಿಕೆಯ ಜಾಲವಿರಬಹುದೆಂದು ತನಿಖಾಧಿಕಾರಿಗಳು ಊಹಿಸಿ ವಸತಿಗೃಹಗಳನ್ನು ಪರಿಶೀಲಿಸಿದರು. ಆ ಊಹೆಗೆ ಆಧಾರ ಸಿಗಲಿಲ್ಲ. ಈ ದೂರವಾಣಿಗಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಮಂಗಳೂರಿನ ಬಳಿಯ ದೇರಳಕಟ್ಟೆಯ ಸುತ್ತ ಬಳಕೆಯಾಗಿದ್ದವು ಎಂಬ ಸಂಗತಿ ತನಿಖೆಯನ್ನು ಸರಿಯಾದ ದಾರಿಗೆ ತಂದಿತು. ಅಲ್ಲಿ ಅಂತಹ ಒಂದು ದೂರವಾಣಿಯನ್ನು ಬಳಸುತ್ತಿದ್ದವನಿಂದ ಮೋಹನ್ ಕುಮಾರ್ ಹೆಸರು ಹೊರಬಂದಿತು. 2009ರ ಅಕ್ಟೋಬರ್‌ನಲ್ಲಿ ಆತನ ಬಂಧನವಾಯಿತು.

ಬಂಧನದ ನಂತರ ಪ್ರತಿಯೊಬ್ಬ ಯುವತಿಯ ಪ್ರಕರಣವನ್ನೂ ಪ್ರತ್ಯೇಕವಾಗಿ ರುಜುವಾತುಪಡಿಸಬೇಕಾಯಿತು. ಸರಣಿಯ ಸಂಬಂಧ ತಿಳಿದಿದ್ದರೂ ಪ್ರತಿ ಸಾವಿಗೂ ಶವದ ಛಾಯಾಚಿತ್ರ, ರಾಸಾಯನಿಕ ಪರೀಕ್ಷೆ, ವಸತಿಗೃಹದ ದಾಖಲೆ, ಒಡವೆಗಳ ವಶ, ಸಾಕ್ಷಿಗಳ ಗುರುತಿಸುವಿಕೆ ಬೇಕಾಗಿತ್ತು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ತೀರ್ಪುಗಳನ್ನು ನೀಡಿತು. ಇಪ್ಪತ್ತನೆಯ ಹಾಗೂ ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ. ಬಂಟ್ವಾಳದ ಯುವತಿಯ ಪ್ರಕರಣದಲ್ಲಿ ವಿಧಿಸಿದ್ದ ಮರಣದಂಡನೆಯನ್ನು 2017ರಲ್ಲಿ ಕರ್ನಾಟಕ ಹೈಕೋರ್ಟ್ ಜೀವನಪರ್ಯಂತದ ಸೆರೆವಾಸಕ್ಕೆ ಬದಲಾಯಿಸಿತು.

ಗೌರಿ ಲಂಕೇಶ್ ಹತ್ಯೆಯ ತನಿಖೆ (2017–18)

2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿನಗರದ ಅವರ ಮನೆಯ ಎದುರು ಗುಂಡಿಟ್ಟು ಕೊಲ್ಲಲಾಯಿತು. ರಾಜ್ಯ ಸರಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಇದಕ್ಕೂ ಮೊದಲು 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಹತ್ಯೆಗಳು ನಡೆದಿದ್ದವು. ನಾಲ್ಕು ಹತ್ಯೆಗಳು ಎರಡು ರಾಜ್ಯಗಳಲ್ಲಿ ನಡೆದು, ಬೇರೆ ಬೇರೆ ತನಿಖಾ ಸಂಸ್ಥೆಗಳ ಕೈಯಲ್ಲಿದ್ದವು.

ಸ್ಥಳದಲ್ಲಿ ದೊರೆತ ಗುಂಡು ಮತ್ತು ಖಾಲಿ ಕೋಶಗಳ ಮೇಲಿನ ಸೂಕ್ಷ್ಮ ಗುರುತುಗಳನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೋಲಿಸಿತು. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಅವರ ಹತ್ಯೆಗಳಿಗೆ 7.65 ಮಿ.ಮೀ. ಗಾತ್ರದ ಒಂದೇ ನಾಡಪಿಸ್ತೂಲು ಬಳಕೆಯಾಗಿತ್ತು ಎಂದು ವರದಿ ತಿಳಿಸಿತು. ಆರೋಪಿಗಳು ಅಡ್ಡಹೆಸರುಗಳನ್ನೂ ಸಂಕೇತ ಭಾಷೆಯ ದಿನಚರಿಗಳನ್ನೂ ನಾಣ್ಯದ ದೂರವಾಣಿಗಳನ್ನೂ ಬಳಸಿದ್ದರೆಂದು ತನಿಖಾ ತಂಡ ಹೇಳಿತು. ಹೀಗಾಗಿ ಕರೆಗಳ ವಿವರದಿಂದಲೇ ಜಾಲವನ್ನು ಬಿಡಿಸಲು ಸಾಧ್ಯವಿರಲಿಲ್ಲ. ದಿನಚರಿಯ ಸಂಕೇತಗಳನ್ನು ವ್ಯಕ್ತಿ ಮತ್ತು ಸ್ಥಳಗಳೊಂದಿಗೆ ತಾಳೆ ನೋಡುವ ಕೆಲಸ ನಡೆಯಿತು. ಕರ್ನಾಟಕದ ತಂಡಕ್ಕೆ ದೊರೆತ ಸುಳಿವುಗಳು ಮಹಾರಾಷ್ಟ್ರದ ಪೊಲೀಸರ ಮತ್ತು ಸಿ.ಬಿ.ಐ.ನ ತನಿಖೆಗೆ ಹೊಸ ತಿರುವು ನೀಡಿದವು. 2018ರ ನವೆಂಬರ್‌ನಲ್ಲಿ 18 ಮಂದಿಯ ವಿರುದ್ಧ 9,235 ಪುಟಗಳ ಹೆಚ್ಚುವರಿ ಆರೋಪಪಟ್ಟಿ ಸಲ್ಲಿಕೆಯಾಯಿತು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಹತ್ಯೆಯ ತನಿಖೆಯನ್ನೂ ಇದೇ ತಂಡಕ್ಕೆ ಒಪ್ಪಿಸಿ, ಹೈಕೋರ್ಟಿನ ಧಾರವಾಡ ಪೀಠದ ಮೇಲ್ವಿಚಾರಣೆಗೆ ಒಳಪಡಿಸಿತು. ಗೌರಿ ಲಂಕೇಶ್ ಪ್ರಕರಣದ ಸಾಕ್ಷಿ ವಿಚಾರಣೆ 2022ರ ಜುಲೈನಲ್ಲಿ ಆರಂಭವಾಯಿತು.

ಊಹೆಯನ್ನು ತಿದ್ದಿಕೊಳ್ಳುವುದರ ಅಗತ್ಯವನ್ನು ದಾಭೋಲ್ಕರ್ ಪ್ರಕರಣ ತೋರಿಸುತ್ತದೆ. 2016ರ ಆರೋಪಪಟ್ಟಿಯಲ್ಲಿ ಗುಂಡು ಹಾರಿಸಿದವರೆಂದು ಇಬ್ಬರ ಹೆಸರುಗಳಿದ್ದವು. 2018ರ ನಂತರ ಬೇರೆ ಇಬ್ಬರ ಮೇಲೆ ಆ ಆರೋಪ ಹೊರಿಸಲಾಯಿತು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಈ ಇಬ್ಬರನ್ನು ಅಪರಾಧಿಗಳೆಂದು ಘೋಷಿಸಿ, ಉಳಿದ ಮೂವರು ಆರೋಪಿಗಳನ್ನು ಖುಲಾಸೆಗೊಳಿಸಿತು. ವಿಶ್ಲೇಷಣೆಯಲ್ಲಿ ಎಳೆದ ಪ್ರತಿಯೊಂದು ಗೆರೆಯೂ ನ್ಯಾಯಾಲಯದಲ್ಲಿ ನಿಲ್ಲಬೇಕೆಂದಿಲ್ಲ.

ತಪ್ಪು ಜೋಡಣೆಯ ಅಪಾಯ

ಸಂಬಂಧವನ್ನು ಗುರುತಿಸದೆ ಹೋಗುವುದು ಒಂದು ತಪ್ಪಾದರೆ, ಇಲ್ಲದ ಸಂಬಂಧವನ್ನು ಕಲ್ಪಿಸುವುದು ಮತ್ತೊಂದು ತಪ್ಪು. ಬೆಂಗಳೂರಿನ ಕುಟುಂಬಕ್ಕೆ ಸೇರಿದ, ಆಸ್ಟ್ರೇಲಿಯಾದಲ್ಲಿ ಕೆಲಸಮಾಡುತ್ತಿದ್ದ ವೈದ್ಯ ಮೊಹಮ್ಮದ್ ಹನೀಫ್ ಅವರ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು. ಎರಡು ದಿನಗಳ ನಂತರ, ಭಾರತಕ್ಕೆ ಹೊರಟಿದ್ದ ಹನೀಫ್ ಅವರನ್ನು ಬ್ರಿಸ್ಬೇನ್‌ನಲ್ಲಿ ಬಂಧಿಸಲಾಯಿತು. ಅವರು ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಬಂಧುವೊಬ್ಬರಿಗೆ ಕೊಟ್ಟಿದ್ದರು. ಆ ಸಿಮ್ ದಾಳಿಯ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ವಾಸ್ತವದಲ್ಲಿ ಅದು ದೂರದ ಲಿವರ್‌ಪೂಲ್ ನಗರದಲ್ಲಿ ದೊರೆತಿತ್ತು. ಎರಡು ದೇಶಗಳ ಸಂಸ್ಥೆಗಳು ಹಂಚಿಕೊಂಡ ಮಾಹಿತಿಯ ಒಂದು ತಪ್ಪು ಸಾಲು ಒಬ್ಬ ವೈದ್ಯನನ್ನು ವಾರಗಟ್ಟಲೆ ಸೆರೆಯಲ್ಲಿಟ್ಟಿತು. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಮುಂದೆ ನಡೆದ ಕ್ಲಾರ್ಕ್ ವಿಚಾರಣೆ ಅವರನ್ನು ನಿರ್ದೋಷಿಯೆಂದು ಕಂಡಿತು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಪರಿಹಾರ ನೀಡಿತು.

ಕನ್ನಡನಾಡಿನ ದಾಖಲೆಗಳಲ್ಲಿ ಹೆಸರುಗಳ ಸಮಸ್ಯೆಯೂ ಗಮನಾರ್ಹ. ಮಂಜುನಾಥ, ಮಂಜುನಾಥ್, ಮಂಜಣ್ಣ, ಮಂಜ ಎಂಬ ನಾಲ್ಕು ನಮೂದುಗಳು ಒಬ್ಬನೇ ವ್ಯಕ್ತಿಯದಾಗಿರಬಹುದು ಅಥವಾ ನಾಲ್ವರದಾಗಿರಬಹುದು. ಹೊಸಹಳ್ಳಿ, ರಾಮಪುರ ಎಂಬ ಹೆಸರಿನ ಊರುಗಳು ಹಲವು ತಾಲ್ಲೂಕುಗಳಲ್ಲಿವೆ. ತುಮಕೂರು ಸೇರಿದಂತೆ ಹಲವು ನಗರಗಳ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದ್ದರಿಂದ ಹಳೆಯ ಮತ್ತು ಹೊಸ ದಾಖಲೆಗಳಲ್ಲಿ ಒಂದೇ ಊರು ಎರಡು ರೂಪಗಳಲ್ಲಿ ಕಾಣಿಸುತ್ತದೆ. ಗಣಕಯಂತ್ರವು ಇವನ್ನು ಹೊಂದಿಸಿ ತೋರಿಸಬಹುದು. ಆದರೆ ಅವು ಒಂದೇ ಹೌದೋ ಅಲ್ಲವೋ ಎಂಬುದನ್ನು ತಂದೆಯ ಹೆಸರು, ವಿಳಾಸ, ವಯಸ್ಸು, ಬೆರಳಚ್ಚುಗಳಿಂದ ಮನುಷ್ಯರೇ ಖಚಿತಪಡಿಸಿಕೊಳ್ಳಬೇಕು.

ಭಾರತದಲ್ಲಿನ ವ್ಯವಸ್ಥೆಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರ 1986ರಲ್ಲಿ ಸ್ಥಾಪನೆಯಾಯಿತು. ದೇಶದ ಪೊಲೀಸ್ ಠಾಣೆಗಳನ್ನು ಒಂದೇ ಜಾಲದಲ್ಲಿ ಜೋಡಿಸುವ ಸಿ.ಸಿ.ಟಿ.ಎನ್.ಎಸ್. ಯೋಜನೆಗೆ 2009ರಲ್ಲಿ ಅನುಮೋದನೆ ದೊರೆಯಿತು. ಕರ್ನಾಟಕದಲ್ಲಿ ಪೊಲೀಸ್ ಐಟಿ ಎಂಬ ರಾಜ್ಯದ ಸ್ವಂತ ತಂತ್ರಾಂಶವೂ ಬಳಕೆಯಲ್ಲಿದೆ. ಬೆರಳಚ್ಚುಗಳ ರಾಷ್ಟ್ರೀಯ ಗಣಕ ವ್ಯವಸ್ಥೆಯಾದ ನಾಫಿಸ್ 2022ರಲ್ಲಿ ಉದ್ಘಾಟನೆಯಾಯಿತು.

ಸೈಬರ್ ಅಪರಾಧಗಳಲ್ಲಿ ಸಹಯೋಗ ಇನ್ನಷ್ಟು ತುರ್ತಿನದು. ವಂಚಿತನು ಒಂದು ಊರಿನಲ್ಲಿ, ಬ್ಯಾಂಕ್ ಖಾತೆ ಮತ್ತೊಂದು ರಾಜ್ಯದಲ್ಲಿ, ಕರೆ ಮಾಡಿದವನು ಇನ್ನೆಲ್ಲೋ ಇರುತ್ತಾನೆ. ಹಣ ನಿಮಿಷಗಳಲ್ಲಿ ಹಲವು ಖಾತೆಗಳಿಗೆ ಹಂಚಿಹೋಗುತ್ತದೆ. ಈ ಕಾರಣದಿಂದ 1930 ಸಹಾಯವಾಣಿಯ ಮೂಲಕ ಪೊಲೀಸರು ಮತ್ತು ಬ್ಯಾಂಕುಗಳು ಕೂಡಿ ಹಣವನ್ನು ತಡೆಹಿಡಿಯುವ ಏರ್ಪಾಡು ರೂಪುಗೊಂಡಿದೆ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸಿ.ಇ.ಎನ್. ಠಾಣೆಗಳಿವೆ.

ಕಾನೂನಿನ ಚೌಕಟ್ಟು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಗಂಭೀರ ಅಪರಾಧದ ದೂರನ್ನು, ಅದು ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ, ಠಾಣೆಯಲ್ಲಿ ಸ್ವೀಕರಿಸಬೇಕು. ಶೂನ್ಯ ಎಫ್.ಐ.ಆರ್. ಎಂದು ಕರೆಯಲಾಗುವ ಈ ಪದ್ಧತಿಯಿಂದ ವ್ಯಾಪ್ತಿಯ ನೆಪದಲ್ಲಿ ದೂರುದಾರರನ್ನು ಅಲೆಸುವುದಕ್ಕೆ ಅವಕಾಶವಿಲ್ಲ. ಅಸಹಜ ಸಾವಿನ ವಿಚಾರಣೆ ಇದೇ ಸಂಹಿತೆಯ 194ನೆಯ ಕಲಮಿನ ಅಡಿಯಲ್ಲಿ ನಡೆಯುತ್ತದೆ.

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂಬ ಹಳೆಯ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಮುಂದುವರಿದಿದೆ. ದೂರವಾಣಿ ದತ್ತಾಂಶ, ಸಿ.ಸಿ. ಟಿವಿ ದೃಶ್ಯ ಮೊದಲಾದ ವಿದ್ಯುನ್ಮಾನ ದಾಖಲೆಗಳಿಗೆ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವಿಲ್ಲದ ದತ್ತಾಂಶ ವಿಶ್ಲೇಷಕನಿಗೆ ಉಪಯುಕ್ತವಾದರೂ ನ್ಯಾಯಾಲಯದಲ್ಲಿ ನಿರುಪಯುಕ್ತವಾಗಬಹುದು.

ಎರಡು ಪ್ರಮುಖ ಮಿತಿಗಳಿಗೆ ಕರ್ನಾಟಕದ ನಂಟಿದೆ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮೆದುಳು ಪರೀಕ್ಷೆಗಳನ್ನು ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಜನರ ಮಾಹಿತಿಯನ್ನು ಸರಕಾರ ಬಳಸುವಾಗ ಅದಕ್ಕೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕ ಪ್ರಮಾಣ ಇರಬೇಕೆಂಬುದು ಈ ತೀರ್ಪಿನಿಂದ ಹೊರಟ ತತ್ತ್ವ.

ಮಿತಿಗಳು

ಗಣಕ ಜಾಲಗಳು ಬೆಳೆದಂತೆ ಮಾಹಿತಿಯ ಕೊರತೆ ಕಡಿಮೆಯಾಗಿದೆ. ಆದರೆ ಠಾಣೆಯಲ್ಲಿ ಮೊದಲು ಬರೆಯುವ ನಮೂದು ಸರಿಯಿಲ್ಲದಿದ್ದರೆ ಮುಂದಿನ ಯಾವ ವಿಶ್ಲೇಷಣೆಯೂ ಅದನ್ನು ಸರಿಪಡಿಸಲಾರದು. ಬಸ್ ನಿಲ್ದಾಣದಲ್ಲಿ ದೊರೆತ ಶವವನ್ನು ಆತ್ಮಹತ್ಯೆಯೆಂದು ಬರೆದು ಮುಚ್ಚಿದ ಕಡತ ಕೊಲೆಗಳ ಹುಡುಕಾಟದಲ್ಲಿ ಕಾಣಿಸುವುದಿಲ್ಲ. ಮಗಳು ಮನೆಬಿಟ್ಟು ಹೋದಳೆಂಬ ಅಪಮಾನದಿಂದ ಕುಟುಂಬ ದೂರನ್ನೇ ಕೊಡದಿದ್ದರೆ ಜೋಡಿಸುವುದಕ್ಕೆ ಎರಡನೆಯ ತುದಿಯೇ ಇರುವುದಿಲ್ಲ. ಕರಾವಳಿಯ ಪ್ರಕರಣದಲ್ಲಿ ಇಪ್ಪತ್ತು ಕುಟುಂಬಗಳ ಪ್ರಶ್ನೆಗೆ ಉತ್ತರ ಸಿಗಲು ಆರು ವರ್ಷಗಳು ಬೇಕಾದವು. ಆ ಉತ್ತರಕ್ಕೆ ಬೇಕಾದ ಸಂಗತಿಗಳಲ್ಲಿ ಹಲವು, ಬೇರೆ ಬೇರೆ ಠಾಣೆಗಳ ಕಪಾಟುಗಳಲ್ಲಿ ಆ ಅವಧಿಯುದ್ದಕ್ಕೂ ಇದ್ದವು.